ಸುಂದರಮ್ಮನ ಇ ಡ್ರೈವ್

ಎನ್.ಆರ್. ಕಾಲೋನಿಯ ವಧು-ವರ ಮಾಹಿತಿ ಕೇಂದ್ರದ ಕಂಪ್ಯೂಟರ್ ಆನ್ ಮಾಡಿ ಸುಂದರಮ್ಮ ನೋಡುತ್ತಾರೆ, ಇ ಡ್ರೈವೇ ಇಲ್ಲ! ನಾನೂರು ಜಾತಕ ಮಂಗಮಾಯ. ಅಂದು ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಭಾನುವಾರ ಬೆಳಿಗ್ಗೆ ವಧು-ವರರ ಸಮಾವೇಶ, ಅಷ್ಟರಲ್ಲಿ ಪಟ್ಟಿ ಅಚ್ಚಾಗಿರಬೇಕು.

ಹಿಂದಿನ ದಿನವಷ್ಟೇ ಇತ್ತಲ್ಲ! ಪಟ್ಟಿಯ ಪ್ರೋಗ್ರಾಂ ಬರೆದುಕೊಟ್ಟವನು ಅವರ ಹಳೆಯ ಶಿಷ್ಯ ಮಧುಸೂದನ, ಈಗ ಶೇಷಾದ್ರಿಪುರದಲ್ಲಿ ಕಂಪ್ಯೂಟರ್ ಮೇಷ್ಟ್ರು. ಆ ಪ್ರೋಗ್ರಾಮಿಗೆ ಒಂದೇ ಹಟ, ಜಾತಕಗಳು ಇ ಡ್ರೈವಿನಲ್ಲೇ ಇರಬೇಕು. ಹೊಸ ಕಂಪ್ಯೂಟರಿನಲ್ಲಿ ಇದ್ದದ್ದು ಸಿ ಒಂದೇ. ಗುರುವಾರ ಅವನು ಫೋನಿನಲ್ಲೇ ಉಪಾಯ ಹೇಳಿಕೊಟ್ಟಿದ್ದ: ಕಪ್ಪು ಪರದೆ ತೆರೆದು ‘ಸಬ್‌ಸ್ಟ್’ ಅಂತ ಟೈಪ್ ಮಾಡಿ, ಇ ಅಂತ ಹಾಕಿ, ಮುಂದೆ ಜಾತಕಗಳ ಫೋಲ್ಡರಿನ ವಿಳಾಸ ಕೊಡಿ. ಎಂಟರ್ ಒತ್ತಿದ್ದೇ ತಡ, ಇಲ್ಲದ ಇ ಡ್ರೈವ್ ಪ್ರತ್ಯಕ್ಷ. "ಗೊತ್ತಾಯ್ತು ಬಿಡೋ" ಎಂದು ಸುಂದರಮ್ಮ ಠೀವಿಯಿಂದ ಫೋನ್ ಇಟ್ಟಿದ್ದರು.

ಈಗ ಮತ್ತೆ ಅವನನ್ನೇ ಕೇಳುವುದೇ? ಮೂವತ್ತು ವರ್ಷ ಗಣಿತ ಕಲಿಸಿ, ಹೇಳಿದ್ದು ಮರೆತವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಹೆಂಗಸು! ಸುತರಾಂ ಇಲ್ಲ. ಸಹಿಯಾದ ಫಾರಂಗಳೆಲ್ಲ ಕೇಂದ್ರದ ಅಧ್ಯಕ್ಷರ ಮನೆಯ ಬೀರುವಿನಲ್ಲಿ; ಆದರೆ ಸಮಾವೇಶಕ್ಕೆ ಬರುವವರ ಫೋನ್ ನಂಬರು ಡೈರಿಯಲ್ಲಿತ್ತು. ಎಲ್ಲರನ್ನೂ ಮತ್ತೆ ಕೇಳಿ ಬರೆದುಕೊಂಡರಾಯಿತು ಎಂದು ಹುಡುಗಿಯರ ಮನೆಗಳಿಂದ ಶುರು ಮಾಡಿದರು. "ಫಾರಂ ಇನ್ನೊಂದ್ಸಲ ಚೆಕ್ ಮಾಡ್ತಿದೀವಿ" ಎಂದು ಕಣ್ಣೂ ಮಿಟುಕಿಸದೆ ಸುಳ್ಳು ಹೇಳಿದರು.

ಕೇಂದ್ರದ ಫಾರಂ ತುಂಬುತ್ತಿದ್ದವರು ಯಾವಾಗಲೂ ಅಪ್ಪಂದಿರು. ಆದರೆ ಹಬ್ಬದ ಬೆಳಿಗ್ಗೆ ಅಪ್ಪಂದಿರೆಲ್ಲ ಬಾಳೆಕಂದು, ತಾವರೆ ಹುಡುಕಿಕೊಂಡು ಗಾಂಧಿಬಜಾರಿನಲ್ಲಿ. ಅಮ್ಮಂದಿರು ಮಡಿಯಲ್ಲಿ, ಫೋನ್ ಮುಟ್ಟುವಂತಿಲ್ಲ. ಹಾಗಾಗಿ ಎತ್ತಿದವರೆಲ್ಲ ಹುಡುಗಿಯರೇ!

"ಎಂಥ ಹುಡುಗ ಬೇಕಮ್ಮಾ?" ಎಂದರೆ ಮೊದಲು ನಾಚಿಕೆ, ಆಮೇಲೆ ಮಾತೋ ಮಾತು. ಗವಿಪುರದ ಆರಾಧನಾಳದ್ದಂತೂ ಕೇಳಲೇಬೇಕು.

"ಇಂಜಿನಿಯರ್ ಮಾತ್ರ, ಮದುವೆ ಆದ್ಮೇಲೆ ಕೆಲಸ ಬಿಡ್ತಾಳೆ ಅಂತ ನಿಮ್ತಂದೆ ಬರ್ದಿದ್ರಲ್ಲ?"

"ಅಯ್ಯೋ ಆಂಟಿ, ಲೈಬ್ರರಿ ಕೆಲ್ಸ ಅಂದ್ರೆ ನಂಗೆ ಪ್ರಾಣ! ಬಿಡಲ್ಲ. ಇಂಜಿನಿಯರ್ರೇ ಬೇಕು ಅಂತೇನಿಲ್ಲ. ಸ್ವಲ್ಪ ನಗೋಕ್ ಬರೋರಾದ್ರೆ ಸಾಕು."

ಸುಂದರಮ್ಮ ಹಾಗೇ ಬರೆದುಕೊಂಡರು. ಮಧ್ಯಾಹ್ನದೊಳಗೆ ಇಪ್ಪತ್ತಾರು ಹುಡುಗಿಯರ ಮನಸ್ಸು ಡೈರಿಗಿಳಿದಿತ್ತು.

ಶನಿವಾರ ಮಧುಸೂದನ ತಾನಾಗಿಯೇ ಬಂದ. ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕ.

"ಮಿಸ್, ಏನೂ ಹೋಗಿಲ್ಲ! ಇ ಅನ್ನೋದು ಆ ಫೋಲ್ಡರಿಗೆ ನಾವಿಟ್ಟ ಅಡ್ಡಹೆಸರು, ಅಷ್ಟೇ. ಕಂಪ್ಯೂಟರ್ ಆಫ್ ಮಾಡಿದ್ರೆ ಅದಕ್ಕೆ ಮರ್ತೋಗತ್ತೆ, ದಿನಾ ಹೇಳ್ಬೇಕು. ಅದನ್ನ ನಿಮಗೆ ಹೇಳೋದು ಮರ್ತಿದ್ದು ನಾನು. ಬೆಂಚ್ ಹತ್ಲಾ?"

ಒಂದು ಸಾಲು ಟೈಪ್ ಮಾಡಿದ. ನಾನೂರು ಜಾತಕವೂ ಕ್ಷೇಮ! ಸುಂದರಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಕಣ್ಣು ಡೈರಿಯ ಮೇಲೆಯೇ ಇತ್ತು. ಹಳೆಯದರ ನಕಲು ಮಾಡಿಸಿ, ‘ಹೊಸದು’ ಎಂಬ ಫೋಲ್ಡರಿಗೆ ಹಾಕಿಸಿ, ಅದರಲ್ಲಿ ಹುಡುಗಿಯರ ಮಾತನ್ನೆಲ್ಲ ತುಂಬಿದರು.

"ಒಂದಕ್ಷರಕ್ಕೆ ಒಂದೇ ಫೋಲ್ಡರ್, ಮಿಸ್. ನಾಳೆ ಯಾವ್ದನ್ನ ಪ್ರಿಂಟ್ ಹಾಕ್ತೀರ?"

ಕುತ್ತಿಗೆಗೆ ಬಂದದ್ದು ಇದೇ. ಆರಾಧನಾಳ ತಂದೆ ಶ್ರೀನಿವಾಸಯ್ಯನವರೇ ಕೇಂದ್ರದ ಅಧ್ಯಕ್ಷರು. ತಂದೆಯ ಸಹಿಯಿಲ್ಲದೆ ಫಾರಂನಲ್ಲಿ ಒಂದಕ್ಷರ ಬದಲಾದರೂ ನಿಮಗೆ ಈ ಕುರ್ಚಿ ಇಲ್ಲ ಎಂದು ಮೊದಲ ದಿನವೇ ಹೇಳಿದ್ದವರು. ನಿವೃತ್ತಿಯ ಬೇಸರ ಕಳೆಯಲು ಸುಂದರಮ್ಮನಿಗೆ ಇದ್ದದ್ದು ಈ ಕುರ್ಚಿಯೊಂದೇ. ಅವರಿಗೆ ನಿಜಕ್ಕೂ ಭಯವಾಯಿತು.

ಭಾನುವಾರ ಬೆಳಿಗ್ಗೆ ಕಪ್ಪು ಪರದೆಯ ಮುಂದೆ ಕೂತರು. ‘ಸಬ್‌ಸ್ಟ್’ ಎಂದು ಒತ್ತಿದರು, ಇ ಎಂದು ಒತ್ತಿದರು. ಹಾಳಾಗಿ ಹೋಗಲಿ ಎಂದುಕೊಂಡು ‘ಹೊಸದು’ ಫೋಲ್ಡರಿನ ವಿಳಾಸ ಕೊಟ್ಟು, ಎಂಟರ್ ಕುಟ್ಟಿಯೇಬಿಟ್ಟರು.

ಸಭಾಂಗಣದಲ್ಲಿ ಅಚ್ಚಾದ ಪಟ್ಟಿ ಕೈಗೆ ಬಂದಾಗ ಶ್ರೀನಿವಾಸಯ್ಯನವರು ಮೊದಲು ತೆರೆದದ್ದು ಮಗಳ ಪುಟವನ್ನೇ. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಇದನ್ನ ಯಾರು ಹೇಳಿದ್ದು, ಸುಂದರಮ್ಮನೋರೇ?"

"ನಿಮ್ಮಗಳೇ. ಫೋನ್‌ನಲ್ಲಿ ಕೇಳ್ದೆ, ಹೇಳಿದ್ಲು."

ಅವರು ಮಗಳತ್ತ ತಿರುಗಿ ನೋಡಿದರು. ಆಚೆ ಸಾಲಿನಲ್ಲಿ ಆರಾಧನಾ ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದಳು.

"ಹದಿನಾಲ್ಕು ಗಂಡು ತೋರಿಸ್ದೆ. ಒಂದ್ಸಲಾನೂ ನಾನು ಕೇಳ್ಲಿಲ್ಲ ನೋಡಿ" ಎಂದರು. ಆಮೇಲೆ ಕೈ ಚಾಚಿ, "ಒಂದು ಖಾಲಿ ಫಾರಂ ಕೊಡಿ. ಮನೇಲಿ ಚಿಕ್ಕೋಳೊಬ್ಬಳಿದಾಳೆ. ಅವಳ ಕೈಲೇ ಬರೆಸ್ತೀನಿ."