ಗುಳ್ಳೆಗೆ ಕೊಟ್ಟ ಮಾತ್ರೆ

—ಆ ಗಾಡಿಯ ಒಂದು ಚಕ್ರ ನೆಲಕ್ಕೆ ತಾಗುತ್ತಲೇ ಇಲ್ಲ, ಮೂರರ ಮೇಲೇ ಓಡುತ್ತಿದೆ, ನಾಲ್ಕನೆಯದು ಗಾಳಿಯಲ್ಲಿ ತನ್ನ ಪಾಡಿಗೆ ತಾನು ಗಿರಗಿರ ತಿರುಗಿಕೊಂಡು, ಕೆಲಸವಿಲ್ಲದಿದ್ದರೂ ಎಷ್ಟು ಗಡಿಬಿಡಿ ನೋಡು ಅದಕ್ಕೆ, ತಳ್ಳುವ ಆಯಾ ಅದನ್ನು ಕಂಡ ಹಾಗಿಲ್ಲ, ತಿರುಪು ಬಿಗಿ ಮಾಡಿ ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತಿತ್ತು, ಮಾಸ್ಟ್ರು ಪಕ್ಕದಲ್ಲಿದ್ದರೆ ಕೂತಲ್ಲೇ ಹೇಳುತ್ತಿದ್ದರು, ಲೇ, ಆ ಚಕ್ರ ನೋಡೇ ಅಂತ — ಮಾಸ್ಟ್ರು ಬಾಗಿಲಾಚೆ ಇದ್ದಾರೆ, ಹತ್ತು ಗಂಟೆಗೆ ಕರೆದದ್ದು, ಈಗ ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು, ಹೋದ ಸಲ ಅರ್ಧ ಗಂಟೆಯೊಳಗೆ ಕುಂಟುತ್ತಾ ಆಚೆ ಬಂದು, ಟೀ ಕುಡಿಸ್ತೀಯೇನೇ ಅಂದಿದ್ದರು, ಈ ಸಲ ಯಾಕಿಷ್ಟು ಹೊತ್ತು, ಕಾಲಿನ ಗಂಟುಗಳ ಅಳತೆ ತೆಗೆಯುತ್ತಿದ್ದಾರೆ, ಬರಿ ಅಳತೆ ತಾನೆ, ಜನ್ಮವೆಲ್ಲ ಅಂಗಿ ಹೊಲಿಯಲು ಊರವರ ಅಳತೆ ತೆಗೆದ ಗಂಡ ಈಗ ಮಂಚದ ಮೇಲೆ ಮಲಗಿ ಅಳತೆ ಕೊಡುತ್ತಿದ್ದಾರೆ. ಅವಳು ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಬಟ್ಟೆಯ ಚೀಲ, ಚೀಲದ ತಳದಲ್ಲಿ ಕರವಸ್ತ್ರ, ಕರವಸ್ತ್ರದ ಮಡಿಕೆಯೊಳಗೆ ಮಾತ್ರೆಯ ಹಾಳೆ, ಹತ್ತು ಗೂಡುಗಳಲ್ಲಿ ಐದು ಖಾಲಿ, ಬೆರಳಿಟ್ಟರೆ ಬಟ್ಟೆಯ ಮೇಲಿಂದಲೇ ತಿಳಿಯುತ್ತದೆ ಯಾವುದು ತುಂಬಿದೆ ಯಾವುದು ಒಡೆದಿದೆ ಎಂದು, ನಲವತ್ತೆರಡು ವರ್ಷ ಅಂಗಿಗಳಿಗೆ ಕಾಜಾ ಹೊಲಿದ ಬೆರಳು, ಗುಂಡಿ ತೂರುವ ಕಿಂಡಿಯನ್ನು ಕಣ್ಣುಮುಚ್ಚಿ ಹುಡುಕುವ ಬೆರಳು, ಅದಕ್ಕೆ ಇದೇನು ಹೆಚ್ಚು — ಐದು. ಮೊದಲ ದಿನ ಮೂರು, ಮರುದಿನ ಎರಡು. ಅವಳೇ ಕೈಯಾರೆ ಕೊಟ್ಟದ್ದು, ನೀರಿನ ಲೋಟವನ್ನೂ ಹಿಡಿದುಕೊಂಡು ನಿಂತು, ನುಂಗಿ, ಸುಮ್ನೆ ನುಂಗಿ ಅಂತ.

ಗುಳ್ಳೆಗೆ ಅಂತ ಕೊಟ್ಟಳಲ್ಲ, ವಿಷ ಕೊಟ್ಟಳೇ, ಮಾಸ್ಟ್ರಿಗೆ ತುಟಿಯಂಚಿನ ಆ ನೀರುಗುಳ್ಳೆ ಇವತ್ತಿನದಲ್ಲ, ಮದುವೆಯಾಗಿ ಬಂದ ವರ್ಷವೇ ನೋಡಿದ್ದಳು, ಕೆಲಸ ಮೈಮೇಲೆ ಬಿದ್ದಾಗ, ನಿದ್ದೆ ಕೆಟ್ಟಾಗ, ಜ್ವರ ಬಂದು ಬಿಟ್ಟಾಗ, ತುಟಿಯ ಎಡಮೂಲೆಯಲ್ಲೇ ಏಳುತ್ತದೆ, ಉರಿಯುತ್ತದೆ, ವಾರದಲ್ಲಿ ಒಣಗುತ್ತದೆ, ಆಗೆಲ್ಲ ಅದಕ್ಕೆ ಏನೋ ಒಂದು ಮುಲಾಮು ಸವರಿ ಬಿಡುತ್ತಿದ್ದರು, ಮೀಸೆ ಬಿಡೋಕೆ ಇದೂ ಒಂದು ಕಾರಣ ಕಣೇ ಅನ್ನುತ್ತಿದ್ದರು — ಈ ಸಲ ಆಸ್ಪತ್ರೆಯಲ್ಲಿ ಕಾಲಿಗೆ ಐದನೆಯ ಸೂಜಿ ಹಾಕಿಸಿಕೊಂಡ ಏಳನೆಯ ದಿನಕ್ಕೆ ಎದ್ದಿತು, ಊಟ ಮಾಡಲಾಗದೆ ಮುಖ ಕಿವುಚುತ್ತಿದ್ದರು, ಮೊದಲೇ ಮೈ ಇಳಿದುಹೋಗಿದೆ, ಅವಳಿಗೆ ತಡೆಯಲಾಗಲಿಲ್ಲ, ಔಷಧದಂಗಡಿಗೆ ಹೋದಳು, ಅಂಗಡಿಯವನು ನಗುಮುಖದವನು, ಮುಲಾಮಿಗಿಂತ ಮಾತ್ರೆ ತಗೊಂಡೋಗಿ ಅಕ್ಕಾ, ವೈರಸ್ಸನ್ನೇ ಸಾಯಿಸಿಬಿಡತ್ತೆ, ಎರಡೇ ದಿನ ನೋಡಿ, ಅಂದ. ಎರಡೇ ದಿನಕ್ಕೆ ಗುಳ್ಳೆ ಬಾಡಿತು, ಅವಳು ಹಿಗ್ಗಿದಳು, ನೋಡಿದ್ರಾ ನನ್ನ ಡಾಕ್ಟರಿಕೆ ಅಂದಳು, ಮಾಸ್ಟ್ರು ಎರಡು ತುತ್ತು ಹೆಚ್ಚು ಉಂಡರು. ಮೂರನೆಯ ದಿನ ಮಧ್ಯಾಹ್ನ ಒಂದು ಬಿಳಿ ಅಂಗಿಗೆ ಕಾಜಾ ಹೊಲಿಯುತ್ತಾ ಕೂತಿದ್ದಾಗ, ನಾಲ್ಕನೆಯದೋ ಐದನೆಯದೋ, ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಂತುಬಿಟ್ಟಿತು — ವೈರಸ್ಸನ್ನೇ ಸಾಯಿಸಿಬಿಡತ್ತೆ. ಯಾವ ವೈರಸ್ಸನ್ನ? ಎಲ್ಲಾ ವೈರಸ್ಸನ್ನಾ? ಎದ್ದುಹೋಗಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ ಆಸ್ಪತ್ರೆಯ ಹಾಳೆಯ ಮುಂದೆ ನಿಂತಳು, ಮೂರನೇ ಕ್ಲಾಸಿನ ಓದು ಅವಳದ್ದು, ಅಕ್ಷರ ಅಕ್ಷರ ಕೂಡಿಸಿಯೇ ಓದಬೇಕು, ಮೊದಲ ದಿನ ನಾಲ್ಕು ಸಾಲು ಓದಿದ್ದಳು, ಗಾಯದ ಕಟ್ಟನ್ನು ಬರಿಗೈಯಲ್ಲಿ ಮುಟ್ಟಬಾರದು, ಬಿಚ್ಚಿದ ಕಟ್ಟನ್ನು ಚೀಲದಲ್ಲಿ ಬಿಗಿದು ಕೊಡಬೇಕು, ಅಷ್ಟಕ್ಕೇ ಕಣ್ಣು ಸೋತು, ಉಳಿದದ್ದೆಲ್ಲ ಇದೇ ತರದ್ದಿರತ್ತೆ ಅಂದುಕೊಂಡು ಬಿಟ್ಟಿದ್ದಳು, ಈಗ ಬೆರಳಿಟ್ಟು ಐದು, ಆರು, ಏಳನೆಯ ಸಾಲು — ವೈರಸ್ ತಡೆಯುವ ಯಾವುದೇ ಮಾತ್ರೆ, ಮುಲಾಮು, ನಮ್ಮನ್ನು ಕೇಳದೆ ತೆಗೆದುಕೊಳ್ಳಬಾರದು.

ಯಾಕೆಂದರೆ ಮಾಸ್ಟ್ರ ಕಾಲಿಗೆ ಹಾಕಿದ್ದೂ ಅದೇ ಜಾತಿಯದ್ದು, ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದಳಲ್ಲ, ಮಗಳ ವಯಸ್ಸಿನವಳು, ಇವರು ಟೈಲರಿಂಗಿನವರು ಎಂದು ಕೇಳಿ ಕುರ್ಚಿ ಎಳೆದುಕೊಂಡು ಕೂತು, ನೋಡಿ ಮಾಸ್ಟ್ರೇ, ತುಟಿ ಮೇಲೆ ಗುಳ್ಳೆ ಏಳಿಸತ್ತಲ್ಲ ಆ ವೈರಸ್ಸನ್ನೇ ತಗೊಂಡು, ಕೆಡುಕು ಮಾಡೋ ಎರಡು ಎಳೆ ಬಿಚ್ಚಿ ತೆಗೆದಿದ್ದೀವಿ, ಇನ್ನು ಅದು ಒಳ್ಳೆ ಜಾಗದಲ್ಲಿ ಬೆಳೆಯೋಕಾಗಲ್ಲ, ಕ್ಯಾನ್ಸರ್ ಗಂಟಿನಲ್ಲಿ ಮಾತ್ರ ಬೆಳೆದು ಅದನ್ನ ಒಡೆಯತ್ತೆ, ಅದರ ಜೊತೆ ಒಂದು ಹೊಸ ತುಂಡು ಹೊಲಿದಿದ್ದೀವಿ, ಅದು ನಿಮ್ಮ ಮೈಯ ಕಾವಲಿನವರನ್ನ ಕೂಗಿ ಕರೆಯತ್ತೆ, ಬನ್ನಿ ಕಳ್ಳ ಇಲ್ಲಿದ್ದಾನೆ ಅಂತ. ಮಾಸ್ಟ್ರು ಗಂಭೀರವಾಗಿ ಕೇಳಿದ್ದರು, ಬಿಚ್ಚಿದ ಕಡೆ ಗುರುತು ಉಳಿಯಲ್ವಾ ಡಾಕ್ಟರಮ್ಮ? ಮನೆಗೆ ಬಂದರೆ ನಾದಿನಿ ಬಾಯಿಮೇಲೆ ಕೈಯಿಟ್ಟುಕೊಂಡಳು, ಅಲ್ಲ ಅತ್ತಿಗೆ, ಇರೋ ಒಂದು ರೋಗ ಸಾಲ್ದು ಅಂತ ಇನ್ನೊಂದನ್ನ ಕೇಳಿ ಹಾಕಿಸ್ಕೊಂಡು ಬಂದ್ರಾ ಅಂತ, ಅದಕ್ಕೆ ಇವರು, ಇದು ಆಲ್ಟರ್ ಮಾಡಿದ ರೋಗ ಕಣಮ್ಮ, ನನ್ನ ಅಳತೆಗೆ — ನಗಿಸುತ್ತಲೇ ಇದ್ದರು, ಸೂಜಿ ಹಾಕಿದ ಪ್ರತಿ ರಾತ್ರಿ ಹಲ್ಲು ಕಟಕಟ ಅನ್ನುವ ಚಳಿಜ್ವರದಲ್ಲೂ, ಬಂದ್ರು ನೋಡೇ ಕಾವಲಿನವರು, ಬೂಟು ಹಾಕ್ಕೊಂಡೇ ಬಂದಿದ್ದಾರೆ. ಎಲ್ಲಕ್ಕೂ ಮೊದಲು ಹಿಮ್ಮಡಿಯಲ್ಲಿ ಕಪ್ಪು ಚುಕ್ಕೆ ಕಂಡಾಗ ಮಾತ್ರ ಯಾರೂ ಏನೂ ಅಂದುಕೊಳ್ಳಲಿಲ್ಲ, ದಿನವಿಡೀ ಕತ್ತರಿ ಮೇಜಿನ ಮುಂದೆ ನಿಲ್ಲುವ ಕಾಲು, ರಕ್ತ ಹೆಪ್ಪುಗಟ್ಟಿರಬೇಕು ಅಂತ, ಅವಳೇ ಕಲ್ಲು ಹಾಕಿ ಉಜ್ಜಿದ್ದಳು ಅದನ್ನ, ಎಷ್ಟು ದಿನ, ಎರಡು ತಿಂಗಳು — ಆಮೇಲೆ ಕ್ಯಾನ್ಸರ್ ಅಂತ ತಿಳಿದು ಹಿಮ್ಮಡಿ ಕೆತ್ತಿ ತೆಗೆದರು, ತೊಡೆಯ ಚರ್ಮ ತಂದು ತೇಪೆ ಹಾಕಿದರು, ಮುಗೀತು ಅಂದುಕೊಳ್ಳುವಷ್ಟರಲ್ಲಿ ಮೊಣಕಾಲ ಕೆಳಗೆ ಮೂರು ಗಂಟು, ತೊಡೆಯ ಮೇಲೆ ಇನ್ನೊಂದು, ನಾಲ್ಕು. ಆಗ ಉಜ್ಜಿದ್ದೂ ಇವಳ ಕೈ, ಈಗ ಮಾತ್ರೆ ಕೊಟ್ಟದ್ದೂ ಇವಳ ಕೈ, ಐದು ದಿನದಿಂದ ಈ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಫೋನ್ ಮಾಡಿದ್ದಳು, ಮಾಡಲಿಲ್ಲ ಅಂತಿಲ್ಲ, ಹಾಳೆಯ ಕೊನೆಯ ನಂಬರು ಒತ್ತಿ, ಆ ಕಡೆಯಿಂದ ಹಲೋ ಹೇಳಿ ಅಂದಾಗ ಫೋನ್ ಇಟ್ಟುಬಿಟ್ಟಳು, ಹೇಳಿದರೆ ಇನ್ನು ಸೂಜಿ ಹಾಕಲ್ಲ ಅಂತಾರೆ, ಹೇಳಿದ ಮಾತು ಕೇಳದವರಿಗೆ ಯಾಕೆ ಅಂತಾರೆ, ಹೋದ ಸಲವೇ ಡಾಕ್ಟರಮ್ಮ ಅಂದಿದ್ದಳು, ಆರನೇ ಸಲಕ್ಕೆ ಅಳತೆ ಕಮ್ಮಿ ಆಗದಿದ್ರೆ ನಿಲ್ಲಿಸಬೇಕಾಗತ್ತೆ, ಬೇರೆ ದಾರಿ ಅಷ್ಟೇನೂ ಉಳಿದಿಲ್ಲ. ಇವತ್ತು ಆರನೇ ಸಲ. ಮಾಸ್ಟ್ರು ಒಮ್ಮೆ ಒಬ್ಬರ ಕೋಟಿನ ಬಟ್ಟೆ ತಪ್ಪಾಗಿ ಕತ್ತರಿಸಿದ್ದರು, ಎಡದ್ದೇ ಎರಡು ತೋಳು, ಎಷ್ಟೋ ವರ್ಷವಾಯಿತು, ಬೇರೆಯವರಾದರೆ ಹೊಲಿಗೆಯಲ್ಲಿ ಮುಚ್ಚಿಬಿಡುತ್ತಿದ್ದರು, ಇವರು ತುಂಡು ಬಟ್ಟೆ ಕಂಕುಳಲ್ಲಿಟ್ಟುಕೊಂಡು ಅವರ ಮನೆಗೇ ನಡೆದುಹೋಗಿ ಮೇಜಿನ ಮೇಲೆ ಹರವಿ, ನನ್ನಿಂದ ತಪ್ಪಾಯ್ತು ಸಾರ್ ಅಂದರು, ಬೈಸಿಕೊಂಡು ಬಂದು ಹಾಯಾಗಿ ಮಲಗಿದರು, ಅವಳಿಗೆ ಆ ರಾತ್ರಿ ನಿದ್ದೆಯಿಲ್ಲ, ಇವರ ಗೊರಕೆ ಕೇಳಿಕೊಂಡು — ಅಮ್ಮಾ, ಒಳಗೆ ಬರಬೇಕಂತೆ.

ಸಿಸ್ಟರ್. ಬಾಗಿಲು ಅರ್ಧ ತೆರೆದು ನಿಂತಿದ್ದಾಳೆ, ಸೂಜಿಗೆ ಬಂದ ಐದು ಸಲವೂ ಈ ಕೋಣೆಗೆ ಕರೆದವರಲ್ಲ, ಅವಳು ಚೀಲ ಎತ್ತಿಕೊಂಡು ಎದ್ದಳು, ಒಳಗೆ ಸ್ಪಿರಿಟ್ಟಿನ ವಾಸನೆ, ಮಾಸ್ಟ್ರು ಮಂಚದ ಮೇಲೆ ಪೈಜಾಮ ಮಡಚಿಕೊಂಡು, ಡಾಕ್ಟರಮ್ಮನ ಬೆನ್ನು, ಅವಳು ತಿರುಗುವ ಮೊದಲೇ, ತಿರುಗಿ ಮುಖ ನೋಡಿಬಿಟ್ಟರೆ ಹೇಳಲಾಗದು, ಇವಳು ಚೀಲಕ್ಕೆ ಕೈ ಹಾಕಿ ಕರವಸ್ತ್ರ ಬಿಚ್ಚಿ ಮಾತ್ರೆಯ ಹಾಳೆಯನ್ನು ಮೇಜಿನ ಮೇಲೆ ಹರವಿದಳು, ನನ್ನಿಂದ ತಪ್ಪಾಯ್ತು ಡಾಕ್ಟರಮ್ಮ, ಐದು ಕೊಟ್ಟಿದ್ದೀನಿ, ತುಟಿಗೆ ಗುಳ್ಳೆ ಎದ್ದಿತ್ತು, ಆ ಸಾಲು ಓದಿರಲಿಲ್ಲ, ಅವರನ್ನ ಏನೂ ಅನ್ನಬೇಡಿ, ಅವರಿಗೆ ಗೊತ್ತಿಲ್ಲ. ಡಾಕ್ಟರಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು, ಯಾವತ್ತು ಕೊಟ್ರಿ, ಎಷ್ಟೆಷ್ಟು ಹೊತ್ತಿಗೆ, ಎಲ್ಲ ಬರೆದುಕೊಂಡಳು, ಅಲ್ಲ ಕಣೇ, ಗುಳ್ಳೆ ಮಾತ್ರೆ ಅಂತ ಅಷ್ಟೇ ಅಂದ್ಯಲ್ಲೇ ನೀನು ಅಂತ ಮಂಚದ ಕಡೆಯಿಂದ ಮಾಸ್ಟ್ರು, ಆ ದನಿಯಲ್ಲಿ ಸಿಟ್ಟಿಲ್ಲ, ಅದೇ ಇನ್ನೂ ಸಂಕಟ — ಡಾಕ್ಟರಮ್ಮ ಪೆನ್ನು ಮುಚ್ಚಿದಳು, ಅಮ್ಮ, ಈ ಮಾತ್ರೆ ನಮ್ಮ ಬೀರುವಿನಲ್ಲೂ ಇದೆ, ನಾವು ಬಿಟ್ಟ ವೈರಸ್ಸು ಮಾತು ಕೇಳದೆ ಹೋದ್ರೆ ಹಿಡಿದು ಕೂರಿಸೋಕೆ ಅಂತಲೇ ಇಟ್ಕೊಂಡಿರೋದು, ನೀವು ನೇರ ಅದಕ್ಕೇ ಕೈ ಹಾಕಿದ್ದೀರ! ಒಂದಿಷ್ಟು ಸತ್ತಿರಬಹುದು, ಇಲ್ಲ ಅನ್ನಲ್ಲ, ಆದ್ರೆ ಸೂಜಿ ಹಾಕಿ ಏಳು ದಿನ ಆಗಿತ್ತು, ಅಷ್ಟರಲ್ಲಿ ಅದು ಮಾಡೋ ಕೆಲಸ ಬಹುಪಾಲು ಮಾಡಿತ್ತು, ಇವತ್ತು ಮತ್ತೆ ಹಾಕ್ತೀನಿ, ಮುಂದೆ ತುಟಿ ಒಡೆದ್ರೂ ನನಗೆ ಫೋನ್ ಮಾಡ್ಬೇಕು, ಆ ಗುಳ್ಳೆ ನಮ್ಮ ವೈರಸ್ಸಿಂದೋ ಅವರ ಹಳೇದೋ ನಾವು ನೋಡ್ಬೇಕಿತ್ತು, ತಿಳೀತಾ — ಇವಳು ತಲೆಯಾಡಿಸಿದಳು, ತಿಳಿದದ್ದು ಒಂದೇ ಮಾತು, ಇವತ್ತು ಮತ್ತೆ ಹಾಕ್ತೀನಿ, ಮತ್ತೆ ಹಾಕುತ್ತಾರೆ, ನಿಲ್ಲಿಸುವುದಿಲ್ಲ, ಕೂರಲು ಸ್ಟೂಲು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ, ಇರಿ, ನಾನು ಕರೆದದ್ದು ಬೈಯೋಕಲ್ಲ, ನಿಮ್ಮ ಯಜಮಾನ್ರು ನನ್ನ ಮಾತು ನಂಬ್ತಾ ಇಲ್ಲ, ನೀವಾದ್ರೂ ಬಂದು ನೋಡಿ.

ಕಾಲು. ಮನೆಯಲ್ಲಿ ಕಟ್ಟು ಬಿಚ್ಚುವಾಗ ಇವಳನ್ನು ಹತ್ತಿರ ಬಿಡದೆ ತಾವೇ ಕೈಗವಸು ಹಾಕಿಕೊಂಡು ಬಾಗಿಲು ಹಾಕಿಕೊಳ್ಳುವ ಮಾಸ್ಟ್ರ ಕಾಲು, ಎಷ್ಟು ದಿನವಾಯಿತು ಇದನ್ನು ಸರಿಯಾಗಿ ನೋಡಿ, ಮೊಣಕಾಲ ಕೆಳಗಿನ ಮೂರರಲ್ಲಿ ಎರಡು ಒಣಗಿ ಹಕ್ಕಳೆಯಾಗಿವೆ, ಮೂರನೆಯದು ಇನ್ನೂ ಇದೆ, ಚಿಕ್ಕದಾಗಿ, ಮೊಂಡಾಗಿ, ಇದೊಂದು ಸ್ವಲ್ಪ ಹಟಮಾರಿ ಅನ್ನುತ್ತಾಳೆ ಡಾಕ್ಟರಮ್ಮ, ಅದಕ್ಕೇ ಇವತ್ತು ಹೆಚ್ಚು ಔಷಧ, ಆದ್ರೆ ನಾನು ತೋರಿಸ್ಬೇಕು ಅಂದದ್ದು ಇದನ್ನಲ್ಲ, ಮೇಲೆ ನೋಡಿ, ತೊಡೆ — ಅಲ್ಲಿ ನೀಲಿ ಪೆನ್ನಿನ ಒಂದು ಗೆರೆ, ದುಂಡಗೆ, ಹಳೇ ಫೋಟೋ ನೋಡಿ ಸಿಸ್ಟರ್ ಈಗತಾನೆ ಎಳೆದದ್ದಂತೆ, ಗಂಟು ಇದ್ದ ಜಾಗ, ಇಲ್ಲಿಗೆ ನಾವು ಸೂಜಿ ಹಾಕೇ ಇಲ್ಲ ಅಮ್ಮ, ಒಂದು ಸಲವೂ ಇಲ್ಲ, ಕೆಳಗಿನವನ್ನ ನೋಡಿ ಮೈಯ ಕಾವಲಿನವರು ತಾವೇ ಗುರುತು ಹಿಡಿಯೋದು ಕಲಿತು ಇಲ್ಲಿಗೆ ಬಂದಿದ್ದಾರೆ. ಮುಟ್ಟಿ ನೋಡಿ. ಸಿಸ್ಟರ್ ಕೈಗವಸು ಕೊಟ್ಟಳು, ಬೆರಳಿಗೆ ಅದು ದೊಡ್ಡದು, ತುದಿಯಲ್ಲಿ ಜೋಲುತ್ತಿದೆ, ಗೆರೆಯೊಳಗೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು, ಇತ್ತ ಒತ್ತಿದಳು, ಅತ್ತ ಒತ್ತಿದಳು, ಅಂಗಿಯ ಗುಂಡಿಯಷ್ಟಿತ್ತಲ್ಲ ಇಲ್ಲಿ, ಮೊದಲು ಕಂಡ ದಿನ ಅವಳೇ ಮುಟ್ಟಿದ್ದಳು, ಇಲ್ಲೇ, ಇದೇ ಜಾಗ, ಏನೇ, ಕಚಗುಳಿ ಇಡ್ತಿದ್ದೀಯಾ ಅಂತ ಮಾಸ್ಟ್ರು, ಸುಮ್ನಿರ್ರೀ ಅಂದಳು, ಹೇಳೇ, ಇದ್ಯಾ, ನನಗೆ ಒತ್ತಿ ನೋಡೋಕೆ ಧೈರ್ಯ ಇಲ್ಲ, ಅವರ ದನಿ ಈಗ ನಗುತ್ತಿಲ್ಲ, ಇದ್ಯಾ, ಇಲ್ವಾ — ಉತ್ತರ ಹೇಳಬೇಕು, ಬಾಯಿ ತೆರೆದಿದೆ, ಹೇಳಬೇಕು, ಇಲ್ಲ ರೀ ಅನ್ನಬೇಕು, ಇಷ್ಟು ಸಣ್ಣ ಮಾತು, ಕಣ್ಣು ಮಾತ್ರ ಅಲ್ಲಿಂದ ಏಳುತ್ತಿಲ್ಲ, ನೀಲಿ ಗೆರೆ, ಗೆರೆಯೊಳಗೆ ಚರ್ಮ, ಬರೀ ಚರ್ಮ, ಮಾಸ್ಟ್ರ ಚರ್ಮ, ಅದರ ಮೇಲೆ ಎರಡು ಬಿಳಿ ಕೂದಲು, ಸುತ್ತ ನೀಲಿ ಗೆರೆ, ಒಳಗೆ ಏನೂ ಇಲ್ಲ, ನೀಲಿ ಗೆರೆ, ಒಳಗೆ