ಗಾಜಿನ ಒರಟು ಮೈ

ಮೂರು ಕಾಲಿನ ಮೇಲೆ ನಿಂತು, ತಲೆಯ ಮೇಲೆ ಕರಿಬಟ್ಟೆ ಹೊದ್ದುಕೊಳ್ಳುವ ಹಳೇ ಕ್ಯಾಮೆರಾ ನಾನು. ನನ್ನೊಳಗೆ ಜಗತ್ತೆಲ್ಲ ತಲೆಕೆಳಗಾಗಿ ಬೀಳುತ್ತದೆ. ಸಾಹುಕಾರನಾದರೂ ಅಷ್ಟೆ, ಹಮಾಲನಾದರೂ ಅಷ್ಟೆ, ಕಾಲು ಮೇಲೆ, ತಲೆ ಕೆಳಗೆ. ಹಾಗಾಗಿ ದೊಡ್ಡ ಮನುಷ್ಯರನ್ನು ಕಂಡು ನಾನು ಎಂದೂ ಬೆದರಿದವನಲ್ಲ.

ಕಲ್ಕತ್ತೆಯ ಬಡಗಿಯೊಬ್ಬ ತೇಗದ ಹಲಗೆಗಳಿಂದ ನನ್ನ ಮೈ ಕಟ್ಟಿದ. ಮೂಲೆಗಳಿಗೆ ಹಿತ್ತಾಳೆ ಬಡಿದ. ಹೊಟ್ಟೆಗೆ ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ತೊಗಲು ಅಂಟಿಸಿದ. ಮುಂದೆ ಲೆನ್ಸು, ಹಿಂದೆ ಒಂದು ಮಸುಕುಗಾಜು. ಆ ಗಾಜಿನ ಒಂದು ಮೈ ನುಣುಪು, ಇನ್ನೊಂದು ಒರಟು. ಫೋಟೋ ತೆಗೆಯುವವನು ಬಟ್ಟೆಯೊಳಗೆ ತಲೆ ತೂರಿಸಿ, ಗಾಜಿನ ಮೇಲೆ ಬಿದ್ದ ಚಿತ್ರ ನಿಚ್ಚಳವಾಗುವವರೆಗೆ ನನ್ನ ಹೊಟ್ಟೆಯನ್ನು ಹಿಂದೆ ಮುಂದೆ ಎಳೆಯುತ್ತಾನೆ. ಆಮೇಲೆ ಗಾಜನ್ನು ಸರಿಸಿ ಆ ಜಾಗಕ್ಕೆ ಫಿಲ್ಮು ಕೂಡಿಸುತ್ತಾನೆ. ನನ್ನ ಕೆಲಸವೆಂದರೆ ಇಷ್ಟೇ.

ನನ್ನನ್ನು ಗದಗಿಗೆ ತಂದವರು ಚನ್ನವೀರಪ್ಪ ಹೊಂಬಳರು. ಸ್ಟೇಷನ್ ರಸ್ತೆಯಲ್ಲಿ ಅವರ ಸ್ಟುಡಿಯೋ. ಒಳ್ಳೆಯ ಕೈ ಅವರದು. ಆದರೆ ವಯಸ್ಸಾದ ಮೇಲೆ ಕಣ್ಣು ಹೋದದ್ದನ್ನು ಅವರು ಒಪ್ಪಿಕೊಳ್ಳಲೇ ಇಲ್ಲ. ಮಸುಕು ಫೋಟೋಗಳನ್ನೇ ಠೀವಿಯಿಂದ ಕೊಟ್ಟರು. ಗಿರಾಕಿಗಳು ಎದುರಿಗೆ ತಲೆಯಾಡಿಸಿ, ಹೊರಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಅವರಿಗೆ ಕೇಳಲಿಲ್ಲ, ಮಗ ಗದಿಗೆಪ್ಪನಿಗೆ ಕೇಳಿತು. ಅವನಿಗೆ ಅದರಿಂದ ಬಹಳ ನೋವಾಯಿತು.

ಅಪ್ಪನ ನಂತರ ನಾನು ಗದಿಗೆಪ್ಪನ ಪಾಲಿಗೆ ಬಂದೆ. ಇವನನ್ನು ಚಡ್ಡಿ ಹಾಕಿಕೊಳ್ಳುತ್ತಿದ್ದಾಗಿನಿಂದ ಕಂಡವನು ನಾನು, ಆದ್ದರಿಂದ ಬಹುವಚನ ನನ್ನ ಬಾಯಿಗೆ ಬರುವುದಿಲ್ಲ. ಬಹಳ ವರ್ಷ ನಾವಿಬ್ಬರೂ ಚೆನ್ನಾಗಿಯೇ ದುಡಿದೆವು. ಒಂದು ಬೇಸಿಗೆಯಲ್ಲಿ ಸ್ಟುಡಿಯೋವನ್ನು ಎದುರಿನ ಸಾಲಿಗೆ ಸಾಗಿಸುವಾಗ ಹಮಾಲನೊಬ್ಬ ನನ್ನನ್ನು ಹಿಮ್ಮಗ್ಗುಲಿಗೆ ಕುಕ್ಕಿದ. ಮಸುಕುಗಾಜು ಫಳ್ ಎಂದು ಒಡೆಯಿತು.

ಅಂಥ ಗಾಜು ಗದಗಿನಲ್ಲಿ ಎಲ್ಲಿ ಸಿಗಬೇಕು? ಕನ್ನಡಿ ಅಂಗಡಿಯ ಹಜರೇಸಾಬ ಗದಿಗೆಪ್ಪನ ಬಾಲ್ಯದ ಗೆಳೆಯ. ಅವನು ಹೊಸ ಗಾಜು ಕತ್ತರಿಸಿ, ಸಾಣೆಪುಡಿ, ನೀರು ಹಾಕಿ ಹಗಲೆಲ್ಲ ಗುಂಡಗೆ ಉಜ್ಜಿ ಒಂದು ಮೈಯನ್ನು ಮಸುಕು ಮಾಡಿದ. ಎಷ್ಟು ನವಿರಾಗಿತ್ತೆಂದರೆ ನನ್ನ ಹಳೇ ಗಾಜೂ ಅದರ ಮುಂದೆ ಸಪ್ಪೆ. ಗದಿಗೆಪ್ಪ ಸಾಮಾನು ಜೋಡಿಸುವ ಗಡಿಬಿಡಿಯಲ್ಲಿದ್ದ. ಹಜರೇಸಾಬ ತಾನೇ ಅದನ್ನು ಚೌಕಟ್ಟಿಗೆ ಕೂಡಿಸಿದ.

"ನೋಡಪಾ ಗದಿಗೆಪ್ಪ, ಕೈಕೆಲಸ ಅಂದ್ರ ಹಿಂಗಿರಬೇಕು!" ಎಂದು ಬೆನ್ನು ತಟ್ಟಿಸಿಕೊಂಡು ಹೋದ.

ಅಲ್ಲಿಂದ ಶನಿ ಹೆಗಲೇರಿತು. ಗಾಜಿನ ಮೇಲೆ ಚಿತ್ರ ಲಕಲಕ, ಫಿಲ್ಮು ತೊಳೆದರೆ ಮಸುಕು. ಗರಡಿಮನೆಯ ಅರೆಗತ್ತಲೆಯಲ್ಲಿ ಗದಿಗೆಪ್ಪ ಪೈಲವಾನರದೊಂದು ಗುಂಪು ಫೋಟೋ ತೆಗೆದ. ಅದನ್ನು ನೋಡಿ ಹಿರಿಯ ಪೈಲವಾನ ಸ್ಟುಡಿಯೋಕ್ಕೇ ಬಂದ.

"ಮಾಸ್ತರ, ನನ್ನ ಮೀಸಿ ಎಲ್ಲಿ ಹೋತ್ರಿ? ದಿನಾ ಬೆಣ್ಣಿ ಹಚ್ಚಿ ಬೆಳಸೀನ್ರಿ ಅದನ್ನ!"

ಗದಿಗೆಪ್ಪ ನಗಲಿಲ್ಲ. ಲೆನ್ಸು ಒರೆಸಿದ, ತಿದಿ ಪರೀಕ್ಷಿಸಿದ, ತಿರುಪುಗಳನ್ನು ಬಿಗಿ ಮಾಡಿದ. ಕೊನೆಗೆ ತನ್ನ ಕಣ್ಣನ್ನೇ ಅನುಮಾನಿಸಿದ, ಗಾಜನ್ನು ಮಾತ್ರ ಅನುಮಾನಿಸಲಿಲ್ಲ. ಗಾಜಿನ ಮೇಲೆ ಬಿದ್ದದ್ದನ್ನು ಎಲ್ಲರೂ ನೋಡುತ್ತಾರೆ, ಗಾಜನ್ನು ಯಾರೂ ನೋಡುವುದಿಲ್ಲ. ಅದೂ ಅಲ್ಲದೆ ಗೆಳೆಯ ಕೈಯಾರೆ ಕೂಡಿಸಿಕೊಟ್ಟದ್ದು. ನನಗೋ ಬಾಯಿಲ್ಲ. ಇದ್ದಿದ್ದರೆ ಅಂದೇ ಕಿರುಚುತ್ತಿದ್ದೆ.

ಗದಿಗೆಪ್ಪನ ಹೆಂಡತಿ ಪಾರವ್ವ ಗಟ್ಟಿಗಿತ್ತಿ. "ಪೇಪರ್ ಓದ್ತೀರಿ, ಅಕ್ಕ್ಯಾಗಿನ ಹಳ್ಳು ಕಾಣತಾವ. ಕ್ಯಾಮೆರಾದ ಮುಂದ ಅಷ್ಟ ಕುರುಡ ಆಗತೀರೇನು?" ಎಂದಳು.

"ಅದ ನೋಡು ನನ್ನ ಅಂಜಿಕಿ. ಗಾಜಿನ ಮ್ಯಾಲ ಎಲ್ಲಾ ಚಂದ ಕಾಣತೈತಿ. ನನ್ನ ಕಣ್ಣು ನನಗ ಸುಳ್ಳ ಹೇಳಾಕ ಹತ್ಯಾವ, ಪಾರವ್ವ. ಅಪ್ಪಗೂ ಹಿಂಗ ಆಗಿತ್ತು. ಮಂದಿ ನಗೂದ್ರಾಗ ನಾ ಬಿಟ್ಟಬಿಡ್ತೀನಿ."

ಹುಬ್ಬಳ್ಳಿಯ ಹೋಟೆಲ್ ಮಾಲೀಕನೊಬ್ಬ ತನ್ನ ಬಾಗಿಲಲ್ಲಿ ಅಂದಕ್ಕೆ ಇಡಲು ನನ್ನನ್ನು ಬಹಳ ದಿನದಿಂದ ಕೇಳುತ್ತಿದ್ದ. ಹಬ್ಬ ಮುಗಿದ ಮೇಲೆ ಒಯ್ಯಿರಿ ಎಂದು ಗದಿಗೆಪ್ಪ ಮಾತು ಕೊಟ್ಟ. ಇಡ್ಲಿ ತಿನ್ನುವವರ ಮುಂದೆ ಗೊಂಬೆಯಾಗಿ ನಿಲ್ಲುವ ಹಣೆಬರಹ ನನ್ನದು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಕಣ್ಣು ಚೆನ್ನಾಗಿರುವ ಮನುಷ್ಯ ಕುರುಡನಂತೆ ಗೋಡೆಗೊರಗಿ ಕೂರುವುದನ್ನು ನೋಡಿ ಸಂಕಟಪಟ್ಟೆ.

ಖಂಡೇಪೂಜೆ ಬಂತು. ನಮ್ಮ ಕಡೆ ಆಯುಧಪೂಜೆಗೆ ಹಾಗೆನ್ನುತ್ತಾರೆ. ಪ್ರತಿ ವರ್ಷ ಪಾರವ್ವ ನನಗೆ ವಿಭೂತಿ ಹಚ್ಚುತ್ತಿದ್ದುದು ಹಿಂಬದಿಯ ಗಾಜಿಗೇ. ಲೆನ್ಸಿಗೆ ಬೆರಳು ಮುಟ್ಟಿಸಿದರೆ ಗಂಡ ಸಿಡಿಮಿಡಿಗೊಳ್ಳುತ್ತಾನೆಂದು ಅವಳು ನನ್ನ ಹಣೆಯನ್ನು ಬೆನ್ನಿಗೆ ವರ್ಗಾಯಿಸಿದ್ದಳು. ಈ ಸಲವೂ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಕೊನೆಯ ಪೂಜೆಯೆಂದು ಕಣ್ಣೊರೆಸಿಕೊಂಡಳು.

ಮರುದಿನ ನನ್ನನ್ನು ಚೊಕ್ಕ ಮಾಡಿ ಕಳಿಸಲೆಂದು ಗದಿಗೆಪ್ಪ ಅರಿವೆ ಹಿಡಿದು ಕೂತ. ಗಾಜು ಒರೆಸಿದ. ವಿಭೂತಿ ಹೋಗಲಿಲ್ಲ. ಒತ್ತಿ ಒರೆಸಿದ. ಕುಂಕುಮ ಹರಡಿಕೊಂಡು ಇನ್ನೂ ಕಚ್ಚಿಕೊಂಡಿತು.

"ಏನ್ ಹಚ್ಚೀದಿ ಇದಕ್ಕ? ಪ್ರತಿ ವರ್ಷ ಒಂದ ಒರಸಿಗೆ ಹೋಗತಿತ್ತು!"

"ಅದ ವಿಭೂತಿ, ಅದ ಕುಂಕುಮ. ನಾ ಏನ್ ಬ್ಯಾರೆ ತರಲಿ?"

ಗದಿಗೆಪ್ಪನ ಕೈ ನಿಂತಿತು. ಉಗುರಿನಿಂದ ಗಾಜನ್ನು ಗೀರಿದ. ಖರ್ ಎಂದಿತು. ಒರಟು ಮೈ ಹೊರಗಿತ್ತು! ಅದು ಒಳಗೆ, ಲೆನ್ಸಿನ ಕಡೆ ಇರಬೇಕು. ಏಕೆಂದರೆ ಚಿತ್ರ ಬೀಳುವುದು ಒರಟು ಮೈಯ ಮೇಲೆ, ಫಿಲ್ಮು ಬಂದು ಕೂರುವುದೂ ಅದೇ ನೆಲೆಯಲ್ಲಿ. ತಿರುಗಾಮುರುಗಾ ಆದರೆ ಗಾಜಿನ ದಪ್ಪದಷ್ಟು ತಪ್ಪು. ಮೂಗು ಮೀಸೆ ಒಂದಾಗಲು ಅಷ್ಟು ಸಾಕು.

"ಪಾರವ್ವಾ! ನನ್ನ ಕಣ್ಣು ನೆಟ್ಟಗದಾವು!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರೂ ಓಡಿಬಂದರು. ಅವನು ಅಳುತ್ತಿದ್ದ. ನಾನೂ ಅತ್ತಿರಬಹುದು, ತೇಗದ ಮರದಿಂದ ಕಣ್ಣೀರು ಇಳಿಯುವುದಿಲ್ಲವಷ್ಟೆ.

ಹೋಟೆಲಿನವನು ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದ. ಗಾಜು ತಿರುಗಿಸಿ ಕೂಡಿಸಿ ಮತ್ತೆ ತೆಗೆದಾಗ ಪೈಲವಾನನ ಮೀಸೆ ಕೂದಲು ಕೂದಲಾಗಿ ಮೂಡಿತು. ಸುದ್ದಿ ಕೇಳಿ ಹಜರೇಸಾಬ ತಲೆ ಚಚ್ಚಿಕೊಂಡ.

"ಹಗಲೆಲ್ಲಾ ಉಜ್ಜೀನೋ ಮಾರಾಯ! ಆ ಮೈ ಮಂದಿಗೆ ಕಾಣಲಿ ಅಂತ ಹೊರಗ ಹಾಕಿದ್ನೆಪಾ!"

"ಅದು ಮಂದಿಗೆ ಕಾಣೂದಲ್ಲೋ, ಅದರ ಮ್ಯಾಲ ಮಂದಿ ಕಾಣೂದು!" ಎಂದು ಗದಿಗೆಪ್ಪ ಗೆಳೆಯನನ್ನು ಎಳೆದು ಕೂರಿಸಿ, ಅವನದೇ ಫೋಟೋ ತೆಗೆದ.

ಆಮೇಲೆ ಬಹಳ ಕಾಲ ಸರಿಯಿತು. ಅಂಗೈಯಗಲದ ಕ್ಯಾಮೆರಾಗಳು ಬಂದವು, ನನ್ನನ್ನು ಕೇಳಿ ಬರುವವರು ಕಡಿಮೆಯಾದರು. ಈಗ ನಾನು ಸ್ಟುಡಿಯೋದ ಒಳಕೋಣೆಯಲ್ಲಿ, ಪಾರವ್ವ ಹೊಲಿದ ಬಟ್ಟೆಯ ಗೌಸಣಿಗೆಯೊಳಗೆ ಇದ್ದೇನೆ. ನಾನು ದುಡಿದ ಕಡೆಯ ದಿನ ಮಾತ್ರ ಚೆನ್ನಾಗಿ ನೆನಪಿದೆ.

ಅಂದು ಗದಿಗೆಪ್ಪ, ತಲೆಯೆಲ್ಲ ಬೆಳ್ಳಗಾಗಿದ್ದವನು, ಪಾರವ್ವನನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದ. ತೊಳೆದು ತಂದಾಗ ಅವಳ ಮುಖ ಮಸುಕಾಗಿತ್ತು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ, ಅವಳಿಗೂ ತೋರಿಸಿದ. ಅವಳು ನನ್ನ ಕಡೆ ಕೈ ಮಾಡಿದಳು. ಗದಿಗೆಪ್ಪ ಬಂದು ನನ್ನ ಗಾಜಿನ ಮೇಲೆ ಉಗುರು ಎಳೆದ. ಉಗುರು ಸದ್ದಿಲ್ಲದೆ ಜಾರಿತು. ಇನ್ನೊಮ್ಮೆ ಎಳೆದ. ತಪ್ಪು ನನ್ನದೇ ಆಗಿರಲಿ ಎಂದು ನಾನು ಬೇಡಿಕೊಂಡದ್ದು ಬದುಕಿನಲ್ಲಿ ಅದೊಂದೇ ಸಲ.

"ಗಾಜು ಸರಿ ಐತಿ, ಪಾರವ್ವ," ಎಂದ ಗದಿಗೆಪ್ಪ. ಕರಿಬಟ್ಟೆಯನ್ನು ಕೊಡವಿ, ಮಡಚಿ ಅವಳ ಕೈಗೆ ಕೊಟ್ಟ.