ಏಳು ಶಬ್ದಗಳ ಮಾಸ್ತರರು

ಒಂದು ಇಂಗ್ಲಿಷ್ ಶಬ್ದವನ್ನು ಒಂಟಿಯಾಗಿ ಹೊರಗೆ ಕಳಿಸುವುದು ಹಾವೇರಿಯ ವಿಜಯೇಂದ್ರ ಮಾಸ್ತರರಿಂದ ಈ ಜನ್ಮದಲ್ಲಿ ಸಾಧ್ಯವಾಗಿಲ್ಲ. ಅದರ ಅಣ್ಣತಮ್ಮಂದಿರು, ದಾಯಾದಿಗಳು, ಬೀಗರು, ದೂರದ ಸಂಬಂಧದ ಸೋದರತ್ತೆ ಎಲ್ಲರೂ ಬಂದು ಕುಳಿತು, ತಂತಮ್ಮ ಹಕ್ಕುಬಾಧ್ಯತೆಗಳನ್ನು ಇತ್ಯರ್ಥ ಮಾಡಿಕೊಂಡ ಮೇಲೆಯೇ ಅವರ ಬಾಯಿಂದ ಒಂದು ವಾಕ್ಯ ಹೊರಬೀಳುವುದು. ಅಷ್ಟರಲ್ಲಿ ಕೇಳಿದವರ ಬಸ್ಸು ರಾಣೆಬೆನ್ನೂರು ದಾಟಿರುತ್ತದೆ. ನಿವೃತ್ತರಾಗಿ ಹನ್ನೊಂದು ವರ್ಷವಾದರೂ, ಏಪ್ರಿಲ್ ಬಿಸಿಲಲ್ಲೂ, ಕಂದುಬಣ್ಣದ ಉಣ್ಣೆಯ ಕೋಟು ಮೈಮೇಲಿಂದ ಇಳಿಯಲೊಲ್ಲದು. ಎಡಗಿಸೆಯಲ್ಲಿ ಶಬ್ದಗಳ ಚೀಟಿ, ಬಲಗಿಸೆಯಲ್ಲಿ ಅವುಗಳ ಪ್ರಯೋಗದ ಚೀಟಿ. ನಡಿಗೆಯೂ ಹಾಗೆಯೇ: ನಾಲ್ಕು ಹೆಜ್ಜೆ ಇಟ್ಟು, ಏನೋ ಹೊಳೆದು, ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುವುದು. ಹೆಂಡತಿ ಗೋದೂಬಾಯಿ ಮಾತ್ರ ತಿರುಗಿ ನೋಡದೆ ಮುಂದೆ ಹೋಗುವುದನ್ನು ಕಲಿತಿದ್ದಾರೆ.

ಇಂಥ ಮಹಾನುಭಾವರ ಕೈಗೆ ಶ್ವೇತಾ ತನ್ನ ಅತ್ತೆಯ ಮೂವತ್ತು ವರ್ಷದ ದುಡಿಮೆಯನ್ನು ಒಯ್ದು ಕೊಟ್ಟಳು. ಶ್ವೇತಾ ಅವರ ಹಳೆಯ ವಿದ್ಯಾರ್ಥಿನಿ, ಈಗ ಬ್ಯಾಡಗಿ ಹತ್ತಿರದ ಹಳ್ಳಿಯೊಂದರ ಸೊಸೆ. ಅತ್ತೆ ಹೊನ್ನವ್ವ ವರ್ಷವರ್ಷವೂ ಗಿಡ ಆರಿಸಿ, ಕಾಯಿ ಆರಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ಬೀಜವಿಟ್ಟು ಕಾಯ್ದುಕೊಂಡು ಬಂದ ಮೆಣಸಿನಕಾಯಿ ತಳಿ ಅದು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಶಂಭುಲಿಂಗ ‘ನೋಡಾಕ’ ಎಂದು ಬೊಗಸೆ ಬೀಜ ಒಯ್ದವನು, ಈಗ ಅದನ್ನು ತನ್ನದೇ ತಳಿಯೆಂದು ನೋಂದಾಯಿಸಲು ಹೊರಟಿದ್ದ. ಹೊನ್ನವ್ವನ ಹೆಸರು ಉಳಿಯಬೇಕಾದರೆ ಫೆಬ್ರುವರಿ ಕೊನೆಯ ದಿನದೊಳಗೆ ಹಾವೇರಿಯ ಕಚೇರಿಯಲ್ಲಿ ಅವಳ ಅರ್ಜಿಯೂ ಬೀಳಬೇಕಿತ್ತು. ಶ್ವೇತಾ ಎಲ್ಲ ತುಂಬಿದ್ದಳು. ಉಳಿದದ್ದು ಒಂದೇ ಅಂಕಣ: ಈ ತಳಿಯ ಡಿಸ್ಟಿಂಗ್ವಿಶಿಂಗ್ ಕ್ಯಾರೆಕ್ಟರಿಸ್ಟಿಕ್, ಅಂದರೆ ಬೇರೆ ಯಾವುದಕ್ಕೂ ಇಲ್ಲದ ಲಕ್ಷಣವನ್ನು, ಇಂಗ್ಲಿಷಿನಲ್ಲಿ ಬರೆಯಿರಿ.

ಮೊದಲ ಸಲ ಹೋಗುವಾಗ ನಮೂನೆಗೆಂದು ಒಂದು ಕಿಲೋ ಕಾಯಿ ಒಯ್ದಳು, ಒಂದೊಂದರ ತೊಟ್ಟನ್ನೂ ಬಿಡಿಸಿ, ಹಸನು ಮಾಡಿ. ಗುರುಗಳ ಮನೆಗೆ ತೊಟ್ಟು ಸಹಿತ ಮೆಣಸಿನಕಾಯಿ ಕೊಡುವುದುಂಟೇ? ಅದು ಕಾಣಿಕೆ ಕೊಟ್ಟು ಮನೆಯವರಿಗೆ ಕೆಲಸ ಹಚ್ಚಿದಂತೆ.

ಮಾಸ್ತರರು ಕಾಯಿ ನೋಡಲಿಲ್ಲ, ಅರ್ಜಿ ನೋಡಿದರು. ಮುಖ ಅರಳಿತು.

“ಕ್ಯಾರೆಕ್ಟರಿಸ್ಟಿಕ್! ತಡಿಯವಾ, ಕೂಡು. ಟ್ರೇಟ್ ಅಂದ್ರ ಮನುಷ್ಯಾರ ಸ್ವಭಾವಕ್ಕ ಹತ್ತಿದ್ದು. ನಿಮ್ಮತ್ತಿ ಹಟ, ಅದು ಟ್ರೇಟ್. ಫೀಚರ್ ಮೊದಲ ಮಾರಿ ಮ್ಯಾಲೆ ಇತ್ತು, ಈಗ ಮೊಬೈಲಿನಾಗ ಹೋಗಿ ಕೂತದ. ಕ್ವಾಲಿಟಿ ಅಂದ್ರ ಅಂಗಡಿಯವರು ತಮ್ಮನ್ನ ತಾವ ಹೊಗಳಿಕೊಳ್ಳೂದು. ಅಟ್ರಿಬ್ಯೂಟ್ ದೇವರಿಗಿರಲಿ. ಪಿಕ್ಯೂಲಿಯಾರಿಟಿಗೆ ಒಂದೀಟು ಹುಚ್ಚು ಬೇಕು. ಹಾಲ್‌ಮಾರ್ಕ್ ಅಂತೂ ಬಂಗಾರದವರ ಪಾಲಾತು...”

“ಯಾವುದರ ಒಂದು ಬರದ ಕೊಡ್ರಿ ಸರ್.”

“ಯಾವುದರ ಒಂದಾ?” ಅವರ ಧ್ವನಿಯಲ್ಲಿ ನಿಜವಾದ ನೋವಿತ್ತು.

ಎರಡನೆಯ ಸಲ ಶ್ವೇತಾ ತಾನೇ ಉತ್ತರ ಒಯ್ದಳು. ಕೆಂಪು ಅಂತ ಬರೀರಿ ಎಂದಳು. ಎಲ್ಲಾ ಕೆಂಪೇ ಅಲ್ಲೇನು ಎಂದರು. ಸುಕ್ಕು ಎಂದಳು. ಬ್ಯಾಡಗಿ ಕಾಯಿ ಯಾವುದು ಸುಕ್ಕಿಲ್ಲ ಎಂದರು. ಖಾರ ಕಡಿಮೆ ಎಂದಳು. “ಅದೂ ಕುಲದ ಗುಣಾನ ಆತು. ಇದಕ್ಕಷ್ಟೇ ಇದ್ದದ್ದು ಏನದ, ಅದನ್ನ ಹೇಳು” ಎಂದು ಕೋಟಿನ ಗುಂಡಿ ತಿರುವುತ್ತ ಕುಳಿತರು. ಮೂರನೆಯ ಸಲವೂ ಅದೇ ರಾಗ. ಪ್ರತಿ ಸಲವೂ ಹಸನು ಮಾಡಿದ ಒಂದು ಕಿಲೋ ಕಾಯಿ, ಪ್ರತಿ ಸಲವೂ ಬರಿಗೈ. ಅತ್ತ ಕಾಲ ಓಡುತ್ತಿದೆ, ಇತ್ತ ಈ ಪುಣ್ಯಾತ್ಮ ಶಬ್ದಕ್ಕೆ ಕನ್ಯೆ ನೋಡುತ್ತ ಕುಳಿತಿದ್ದಾನೆ! ಬೇರೆ ಯಾರಿಂದಲಾದರೂ ಬರೆಸೋಣವೆಂದರೆ ಅರ್ಜಿ ಅವರ ಕೋಟಿನ ಒಳಗಿಸೆಯಲ್ಲಿ, ಕೇಳಿದರೆ, ಕೊಡಲೊಲ್ಲರು. ಆ ದಿನ ಬಸ್ಸಿನಲ್ಲಿ ಶ್ವೇತಾಳಿಗೆ ಸಿಟ್ಟಿಗೆ ಕಣ್ಣೀರೇ ಬಂತು.

ಕೊನೆಯ ದಿನ ಹೊನ್ನವ್ವ ತಾನೇ ಹೊರಟಳು. ಕಣದಲ್ಲಿ ಒಣಗುತ್ತಿದ್ದ ಕಾಯಿಗಳನ್ನು ಹಾಗೆಯೇ ಚೀಲಕ್ಕೆ ಬಾಚಿಕೊಂಡು, ಸೊಸೆಯನ್ನು ಕರೆದುಕೊಂಡು, ಮಧ್ಯಾಹ್ನ ಮೂರಕ್ಕೆ ಮಾಸ್ತರರ ಪಡಸಾಲೆಯಲ್ಲಿ ಬಂದು ನಿಂತಳು.

“ತೊಟ್ಟು ಬಿಡಿಸಾಕ ಪುರಸೊತ್ತು ಸಿಗಲಿಲ್ರಿ ಬಾಯಾರ, ತಪ್ಪು ತಿಳ್ಕೋಬ್ಯಾಡ್ರಿ” ಎಂದು ಗೋದೂಬಾಯಿಗೆ ಹೇಳಿ, ಮಾಸ್ತರರ ಕಡೆ ತಿರುಗಿದಳು. “ಏನ್ರಿ, ನನ್ನ ಕಾಯಿಗೆ ತನ್ನದಂಬೋ ಗುಣಾನ ಇಲ್ಲ ಅಂದ್ರಂತ?”

ಮಾಸ್ತರರು ಚೀಲದಿಂದ ಒಂದು ಕಾಯಿ ಎತ್ತಿ, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಎತ್ತಿದರು, ಮತ್ತೊಂದು.

“ತೊಟ್ಟಿನ ಬುಡಕ್ಕ ಕರೇ ಬಳಿ ಹಂಗ ಸುತ್ತಿಕೊಂಡದಲ್ಲ, ಏನಿದು?”

“ಅದರಿ? ಅದನ್ನ ನೋಡೇ ಅಲ್ರಿ ನಾ ಬೀಜದ ಕಾಯಿ ಆರಿಸೂದು! ಬಳಿ ಇಲ್ಲದ್ದು ನಮ್ಮದಲ್ಲ.”

“ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?”

“ತೊಟ್ಟಲ್ರಿ ಅದು, ಒಗಿಯೂದು! ಒಗಿಯೂದನ್ನ ಸರಕಾರಕ್ಕ ಏನಂತ ಹೇಳೂದು?”

ಶ್ವೇತಾ ಹಣೆ ಹಣೆ ಬಡಿದುಕೊಂಡಳು. ಮೂರು ಕಿಲೋ ಕಾಯಿಯ ತೊಟ್ಟನ್ನು ರಾಶಿ ಹಾಕಿ ತಾನೇ ತಿಪ್ಪೆಗೆ ಚೆಲ್ಲಿ, ಬೋಳು ಕಾಯಿ ಹೊತ್ತು ಮೂರು ಸಲ ತಿರುಗಾಡಿದ್ದಳು.

ಮಾಸ್ತರರು ಪೆನ್ನು ತೆಗೆದರು. ಹೋಗಲಿ, ಮುಗಿಯಿತು ಎನ್ನುವಷ್ಟರಲ್ಲಿ ಕೈ ನಿಂತಿತು. “ರಿಂಗ್ ಅನ್ನೂಣೋ, ಬ್ಯಾಂಡ್ ಅನ್ನೂಣೋ...”

“ಸರ್, ಬರೀರಿ! ಇಲ್ಲಾಂದ್ರ ನಾ ಇಲ್ಲೇ ಕುಂತು ಅಳ್ತೇನಿ, ಖರೇ ಹೇಳ್ತೇನಿ.”

ಬೆಚ್ಚಿ ಬರೆದರು. ಒಂದೇ ಸಾಲು. ಕಚೇರಿಗೆ ತಾವೂ ಬರುತ್ತೇನೆಂದು ಹಟ ಹಿಡಿದು ಹೊರಟು, ಕೋರ್ಟಿನ ಮುಂದೆ ಲಾರಿಗಳ ನಡುವೆ ಗಕ್ಕನೆ ನಿಂತರು. ಹೊನ್ನವ್ವ ಕೋಟಿನ ತೋಳು ಹಿಡಿದು ಎತ್ತನ್ನು ಎಳೆದಂತೆ ದರದರ ಎಳೆದುಕೊಂಡೇ ರಸ್ತೆ ದಾಟಿಸಿದಳು. ಖಿಡಕಿ ಮುಚ್ಚಲು ಐದು ನಿಮಿಷವಿರುವಾಗ ಅರ್ಜಿಗೆ ಶಿಕ್ಕಾ ಬಿತ್ತು.

ಮುಂದಿನ ಸುಗ್ಗಿಗೆ ಅಧಿಕಾರಿಗಳು ಹೊಲಕ್ಕೆ ಬಂದು, ತೊಟ್ಟು ಎಣಿಸಿ, ಅವುಗಳ ಕರಿ ಬಳೆ ನೋಡಿ, ತಳಿಯನ್ನು ಹೊನ್ನವ್ವನ ಹೆಸರಿಗೆ ಬರೆದರು. ಶಂಭುಲಿಂಗನ ಅರ್ಜಿ ಹೊನ್ನವ್ವನದಕ್ಕಿಂತ ತಿಂಗಳು ಮೊದಲೇ ಬಿದ್ದಿತ್ತು, ಆದರೆ ತಿರಸ್ಕೃತವಾಯಿತು. ಅವನ ಅಂಕಣದಲ್ಲಿ ಇದ್ದದ್ದು ಮೂರೇ ಮಾತು: ಕೆಂಪು, ಸುಕ್ಕು, ಖಾರ ಕಡಿಮೆ. ಬರೆದು ಕೊಡ್ರಿ ಎಂದು ಶ್ವೇತಾ ಮಾಸ್ತರರ ಪ್ರಾಣ ಹಿಂಡಿದ್ದೂ ಅದೇ ಮೂರು ಮಾತಿಗೆ.

ಅದನ್ನು ಕೇಳಿದ್ದೇ ಪೇಢೆ ತೆಗೆದುಕೊಂಡು ಓಡಿ ಹೋದಳು. ಮಾಸ್ತರರು ಪೇಢೆ ಮುಟ್ಟದೆ, “ಬ್ಯಾಂಡ್ ಅಂತ ಬರೀಬೇಕಿತ್ತವಾ, ತಪ್ಪಾತು” ಎಂದರು. ಶ್ವೇತಾಳಿಗೆ ಅವರ ಕಾಲಿಗೆ ಬೀಳಬೇಕೋ, ಪೇಢೆಯ ಡಬ್ಬಿಯನ್ನು ತಲೆಯ ಮೇಲೆ ಕುಕ್ಕಬೇಕೋ ತಿಳಿಯಲಿಲ್ಲ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರೊಡನೆ ಬಸ್ಸು ಹಿಡಿಯಲಾಗದು, ಅರ್ಜಿ ತುಂಬಲಾಗದು, ರಸ್ತೆ ದಾಟಲಾಗದು. ಆ ಒಂದು ಚಾಳಿಯನ್ನು ಬಿಡಿಸಿ ಒಗೆದರೆ ಎಷ್ಟು ಒಳ್ಳೆಯ ಮನುಷ್ಯ ಎಂದು ಹೆಂಡತಿಯಿಂದ ಹಿಡಿದು ಎಲ್ಲರೂ ಹಲ್ಲು ಕಡಿಯುತ್ತೇವೆ. ಬಿಡಿಸಿ ಒಗೆದ ಮೇಲೆ ಉಳಿಯುವವನು ಯಾರೆಂದು ಮಾತ್ರ ನಮಗೆ ಗುರುತು ಸಿಗಲಿಕ್ಕಿಲ್ಲ.